ವಿದೇಶಿ ನೋಟುಗಳ ಎಳೆ ಹಿಡಿದು ಬರೆದ ಆಲ್ಬಮ್ ಹೊದಿಕೆ

ಮೈಸೂರಿನ ಮೂವರು ಕಲಾವಿದರು, ವೀಣೆ ನುಡಿಸುವವರೊಬ್ಬರು, ಪಿಟೀಲು ನುಡಿಸುವವರೊಬ್ಬರು ಮತ್ತು ಖಂಜಿರ ನುಡಿಸುವವರೊಬ್ಬರು, ತಮ್ಮ ವಾದ್ಯಸಂಗೀತದ ಆಲ್ಬಮ್ಮಿಗೆ ಹೊದಿಕೆ ರಚಿಸಿಕೊಡುವಂತೆ ನನ್ನನ್ನು ಕೇಳಿದಾಗ, ಏನು ಬೇಡ ಎನ್ನುವುದನ್ನೇ ಮೊದಲು ಹೇಳಿದರು: ವೀಣೆಯ ಫೋಟೊ ಬೇಡ, ಅರಮನೆಯ ಕಮಾನು ಬೇಡ, ದಸರೆಯ ಆನೆ ಬೇಡ. ಡಿಜಿಟಲ್ ರೂಪದಲ್ಲಿ ಬಿಡುಗಡೆ ಮಾಡುವುದರ ಜೊತೆಗೆ ಸ್ವಲ್ಪ ಪ್ರತಿಗಳನ್ನು ಎಲ್‌ಪಿ ಗ್ರಾಮಫೋನ್ ತಟ್ಟೆಯಾಗಿಯೂ ತರುವ ಯೋಜನೆ ಅವರದಾಗಿತ್ತು. ಆದ್ದರಿಂದ ಒಂದೇ ಚಿತ್ರ ಮೊಬೈಲಿನ ಪರದೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟಾಗಿ ಕಂಡಾಗಲೂ, 12 ಇಂಚಿನ ರಟ್ಟಿನ ಮೇಲೆ ಕೈಯಲ್ಲಿ ಹಿಡಿದು ನೋಡಿದಾಗಲೂ ನಿಲ್ಲಬೇಕಿತ್ತು. ದೂರದಿಂದ ಒಂದೇ ಆಕಾರವಾಗಿ ಕಂಡು, ಹತ್ತಿರ ತಂದಷ್ಟೂ ಒಳಗೆ ಹೊಸದೇನಾದರೂ ಕಾಣುತ್ತಲೇ ಇರುವ ಮುದ್ರಿತ ವಸ್ತು ಯಾವುದು ಎಂದು ಯೋಚಿಸುತ್ತ ಹೋದಾಗ ನನಗೆ ಹೊಳೆದದ್ದು ಕಾಗದದ ಹಣ.

ಮೈಸೂರಿನವರಿಗೆ ಇದು ದೂರದ ವಿಷಯವೇನೂ ಅಲ್ಲ. ಮೇಟಗಳ್ಳಿಯ ಕಡೆ ಹೋದರೆ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ್ ಸಂಸ್ಥೆಯ ಮುದ್ರಣಾಲಯವಿದೆ; ನೋಟಿನ ಕಾಗದ ತಯಾರಿಸುವ ಕಾರ್ಖಾನೆ ಇದೇ ಊರಿನಲ್ಲಿದೆ; ನೋಟಿಗೆ ಬೇಕಾದ ಶಾಯಿಯನ್ನು ತಯಾರಿಸುವ ‘ವರ್ಣಿಕಾ’ ಘಟಕವೂ 2022ರಲ್ಲಿ ಇಲ್ಲಿಯೇ ಲೋಕಾರ್ಪಣೆಯಾಯಿತು. ದೇಶದ ಜೇಬಿನಲ್ಲಿರುವ ನೋಟುಗಳಲ್ಲಿ ದೊಡ್ಡ ಪಾಲು ನಮ್ಮ ಊರಿನಿಂದ ಹೊರಟಿದ್ದರೂ ಅವುಗಳ ಮೇಲಿನ ಗೆರೆಗಳನ್ನು ನಿಂತು ನೋಡುವವರು ಕಡಿಮೆ, ಮತ್ತು ದಿನವೂ ಕೈಗೆ ಬರುವ ವಸ್ತುವನ್ನು ನೋಡದಿರುವುದು ನಮ್ಮೆಲ್ಲರ ಅಭ್ಯಾಸ. ವಿದೇಶಿ ನೋಟಿನ ಬೆಲೆ ನಮಗೆ ಥಟ್ಟನೆ ತಿಳಿಯುವುದಿಲ್ಲ, ಭಾಷೆಯನ್ನು ಓದಲು ಬರುವುದಿಲ್ಲ, ಚಿತ್ರದಲ್ಲಿರುವವರು ಯಾರೆಂದು ಗೊತ್ತಿರುವುದಿಲ್ಲ. ಹಾಗಾಗಿ ಕಣ್ಣು ನೇರವಾಗಿ ಗೆರೆ, ಬಣ್ಣ, ಕಾಗದಗಳ ಮೇಲೆ ನಿಲ್ಲುತ್ತದೆ. ವಿದೇಶಿ ನೋಟುಗಳನ್ನೇ ಆರಿಸಿಕೊಳ್ಳಲು ಇದೇ ಕಾರಣವಾಯಿತು.

ಸಂಗ್ರಹ ಶುರುವಾದದ್ದು ಗೋಕುಲಂ ಬಡಾವಣೆಯಲ್ಲಿ. ಅಷ್ಟಾಂಗ ಯೋಗ ಕಲಿಯಲು ಜಗತ್ತಿನ ಎಲ್ಲ ಮೂಲೆಗಳಿಂದ ಬರುವವರು ಅಲ್ಲಿನ ಮನೆಗಳಲ್ಲಿ ಬಾಡಿಗೆಗೆ ಇದ್ದು ಹೋಗುತ್ತಾರೆ. ಮಹಡಿಯ ಕೋಣೆಯನ್ನು ಅಂಥವರಿಗೆ ಕೊಡುವ ನಮ್ಮ ಚಿಕ್ಕಮ್ಮನ ಬಳಿ, ಹೊರಡುವಾಗ ಅವರು ನೆನಪಿಗೆಂದು ಕೊಟ್ಟುಹೋದ ಸಣ್ಣ ಮುಖಬೆಲೆಯ ನೋಟುಗಳು ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಇದ್ದವು. ಇಂಥ ಸಣ್ಣ ನೋಟುಗಳನ್ನು ಹಣ ಬದಲಾಯಿಸುವ ಅಂಗಡಿಗಳು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅವು ಅಲ್ಲಿಯೇ ಉಳಿದಿದ್ದವು. “ನಿನಗೆ ಬೇಕಾದ್ದು ಆರಿಸ್ಕೋ, ನನಗೇನಕ್ಕೆ ಅವು” ಎಂದು ಚಿಕ್ಕಮ್ಮ ಡಬ್ಬಿಯನ್ನೇ ನನ್ನ ಮುಂದಿಟ್ಟರು. ಆ ರಾಶಿಯಲ್ಲಿ ರೊಮೇನಿಯದ 5 ಲೇಯ್ ನೋಟು ಇತ್ತು. ಅದರ ಮೇಲಿರುವುದು ಜಾರ್ಜ್ ಎನೆಸ್ಕು, ಸ್ವರಸಂಯೋಜಕರು, ಪಿಟೀಲು ವಾದಕರು ಮತ್ತು ಹೆಸರಾಂತ ಪಿಟೀಲು ವಾದಕ ಯೆಹೂದಿ ಮೆನೂಹಿನ್ ಅವರ ಗುರುಗಳು. ಅದರ ಕೆಳಗೆ ಮಡಿಚಿದ ಗುರುತಿಲ್ಲದೆ ಗರಿಗರಿಯಾಗಿ ಉಳಿದಿದ್ದ ಅಜರ್‌ಬೈಜಾನಿನ 1 ಮನಾತ್ ನೋಟು ಇತ್ತು.

ಈ ಒಂದು ಮನಾತಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಡೀ ಕೆಲಸ ತಿರುವು ಪಡೆದದ್ದು ಇದರಿಂದ. ಯೂರೊ ನೋಟುಗಳನ್ನು ವಿನ್ಯಾಸಗೊಳಿಸಿದ ಆಸ್ಟ್ರಿಯದ ರಾಬರ್ಟ್ ಕಲೀನಾ ಅವರೇ ವಿನ್ಯಾಸಗೊಳಿಸಿದ ಸರಣಿಯ ನೋಟು ಇದು. ಸಾಮಾನ್ಯವಾಗಿ ನೋಟಿನ ಮೇಲೆ ಯಾರದಾದರೂ ಮುಖವಿರುತ್ತದೆ. ಇದರ ಮೇಲೆ ಮುಖವಿಲ್ಲ, ಮೂರು ವಾದ್ಯಗಳಿವೆ. ಉದ್ದನೆಯ ಕುತ್ತಿಗೆಯ, ಮೀಟಿ ನುಡಿಸುವ ತಾರ್. ಮಂಡಿಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುವ ಕಮಾಂಚಾ. ಚೌಕಟ್ಟಿಗೆ ಚರ್ಮ ಬಿಗಿದ ದಫ್. ಮೀಟುವ ತಂತಿ, ಎಳೆಯುವ ಕಮಾನು, ಬಡಿಯುವ ಚರ್ಮ: ನನ್ನನ್ನು ಕೆಲಸಕ್ಕೆ ಕರೆದ ಮೂವರ ವೀಣೆ, ಪಿಟೀಲು, ಖಂಜಿರಗಳ ಸಾಲು ಇದೇ ಅಲ್ಲವೇ. ಹಿಂಬದಿಯಲ್ಲಿ ಅಲ್ಲಿನ ರತ್ನಗಂಬಳಿಗಳ ನೇಯ್ಗೆಯಿಂದ ತೆಗೆದ ವಿನ್ಯಾಸಗಳಿವೆ. ವಾದ್ಯವನ್ನು ಮನುಷ್ಯನ ಭಾವಚಿತ್ರದಷ್ಟೇ ಗೌರವದಿಂದ, ಅದೇ ಶ್ರದ್ಧೆಯ ಗೆರೆಗಳಲ್ಲಿ ಬರೆಯಬಹುದು ಎನ್ನುವುದನ್ನು ಆ ನೋಟು ತೋರಿಸಿಕೊಟ್ಟಿತು. ನೋಟನ್ನು ಖಂಜಿರದವರಿಗೆ ತೋರಿಸಿದಾಗ ಅವರು ಬಹಳ ಹೊತ್ತು ದಫ್‌ನ ಅಂಚನ್ನೇ ನೋಡುತ್ತ ಕುಳಿತರು. ವೈಣಿಕರಿಗೆ ಮಾತ್ರ ಅನುಮಾನ ಉಳಿದಿತ್ತು. “ನೋಟಿನ ಥರ ಮಾಡಿದ್ರೆ ಇವರು ದುಡ್ಡಿನ ಮೇಲೆ ಏನೋ ಹೇಳ್ತಿದಾರೆ ಅಂತ ಜನ ತಿಳ್ಕೊಳಲ್ವೇನಮ್ಮ?” ಎಂದು ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದು. ನೋಟಿನ ಹಾಗೆ ಕಾಣುವ ಹೊದಿಕೆಯನ್ನು ಮಾಡುವುದಿಲ್ಲ, ನೋಟನ್ನು ಬರೆಯುವವರು ಗೆರೆಯನ್ನು ಹೇಗೆ ನಡೆಸುತ್ತಾರೋ ಹಾಗೆ ವೀಣೆಯನ್ನು ಬರೆಯುತ್ತೇನೆ ಎಂದು ಅವರಿಗೆ ಹೇಳಿದೆ. ಆಮೇಲಿನ ಪ್ರತಿಯೊಂದು ತೀರ್ಮಾನವನ್ನೂ ಆ ಮಾತಿಗೆ ಒರೆ ಹಚ್ಚಿಯೇ ತೆಗೆದುಕೊಂಡೆ.

ಅಲ್ಲಿಂದ ಮುಂದೆ ಸಂಗೀತ ಸಂಬಂಧವಾದ ನೋಟುಗಳನ್ನು ಹುಡುಕತೊಡಗಿದೆ. ಊರಿನ ಹಿರಿಯ ಸಂಗ್ರಾಹಕರೊಬ್ಬರು ತಮ್ಮ ಆಲ್ಬಮ್ಮುಗಳನ್ನು ತೆರೆದು ಕೂರಿಸಿಕೊಂಡು ತೋರಿಸಿದರು. ಜರ್ಮನಿಯ 100 ಮಾರ್ಕ್ ನೋಟಿನ ಮೇಲೆ ಪಿಯಾನೊ ವಾದಕಿ, ಸ್ವರಸಂಯೋಜಕಿ ಕ್ಲಾರಾ ಶೂಮನ್, ಹಿಂಬದಿಯಲ್ಲಿ ಒಂದು ದೊಡ್ಡ ಪಿಯಾನೊ. ಬೆಲ್ಜಿಯಂನ 200 ಫ್ರಾಂಕ್ ಮೇಲೆ ಸ್ಯಾಕ್ಸೊಫೋನನ್ನು ಕಂಡುಹಿಡಿದ ಅಡಾಲ್ಫ್ ಸ್ಯಾಕ್ಸ್. ಫಿನ್ಲೆಂಡಿನ 100 ಮಾರ್ಕಾ ಮೇಲೆ ಸ್ವರಸಂಯೋಜಕ ಸಿಬೇಲಿಯಸ್. ಸ್ವೀಡನ್ನಿನ 50 ಕ್ರೋನಾ ಮೇಲೆ ಗಾಯಕಿ ಜೆನ್ನಿ ಲಿಂಡ್. ಮ್ಯಾನ್ಮಾರಿನ 50 ಪ್ಯಾ ಎಂಬ ಪುಟ್ಟ ನೋಟಿನ ಮೇಲೆ ದೋಣಿಯಂತೆ ಬಾಗಿದ ಸೌಂಗ್ ಎಂಬ ತಂತಿವಾದ್ಯ. ಇವುಗಳಲ್ಲಿ ಕೆಲವನ್ನು ಕೊಂಡುಕೊಂಡೆ, ಕೆಲವನ್ನು ಅವರಲ್ಲಿಯೇ ನೋಡಿದೆ. ಚಲಾವಣೆ ನಿಂತಿದ್ದರೂ ಜರ್ಮನಿಯ ಮಾರ್ಕುಗಳನ್ನು ಅಲ್ಲಿನ ಕೇಂದ್ರ ಬ್ಯಾಂಕು ಇಂದಿಗೂ 1 ಯೂರೊಗೆ 1.95583 ಮಾರ್ಕಿನಂತೆ ಬದಲಾಯಿಸಿಕೊಡುತ್ತದೆ. ಆದ್ದರಿಂದ ಕ್ಲಾರಾ ಅವರ ನೋಟಿಗೆ 51 ಯೂರೊಗಿಂತ ಕಡಿಮೆ ಬೆಲೆ ಯಾರೂ ಹೇಳುವುದಿಲ್ಲ. ಮ್ಯಾನ್ಮಾರಿನ ನೋಟಾದರೋ ಒಂದು ಕಾಫಿಯ ದುಡ್ಡಿಗೆ ಸಿಗುತ್ತದೆ. ಹೊದಿಕೆ ಬರೆಯುವವರಿಗೆ ನೋಟಿನ ಅಪರೂಪಕ್ಕಿಂತ ಅದರ ಸ್ಥಿತಿ ಮುಖ್ಯ. “ಓಡಾಡಿರೋ ನೋಟು ತಗೋಬೇಡಿ ಅಮ್ಮ, ಉಗುರಿಗೆ ಸಿಗೋದು ಕೈ ಬದಲಾಯಿಸದೆ ಇರೋ ನೋಟಲ್ಲೇ” ಎಂದು ಆ ಹಿರಿಯರು ಹೇಳಿದ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಉಗುರಿಗೆ ಸಿಗುವುದು ಎಂದರೆ ಇದು. ನೋಟಿನ ಮುಖ್ಯ ಚಿತ್ರವನ್ನು ಲೋಹದ ಫಲಕದಲ್ಲಿ ತೋಡಿದ ಗೆರೆಗಳಿಂದ ಮುದ್ರಿಸುತ್ತಾರೆ. ತೋಡಿನಲ್ಲಿ ತುಂಬಿದ ಗಟ್ಟಿ ಶಾಯಿಯನ್ನು ಭಾರಿ ಒತ್ತಡದಲ್ಲಿ ಕಾಗದ ಎತ್ತಿಕೊಳ್ಳುವುದರಿಂದ ಗೆರೆ ಕಾಗದದ ಮೇಲೆ ಉಬ್ಬಿ ನಿಲ್ಲುತ್ತದೆ. ಅಶೋಕ ರಸ್ತೆಯ ಚಿನ್ನಬೆಳ್ಳಿ ಕೆಲಸದವರು ಕಣ್ಣಿಗಿಟ್ಟುಕೊಳ್ಳುವಂಥ ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಒಂದನ್ನು ಕೊಂಡು ಕ್ಲಾರಾ ಅವರ ಕೆನ್ನೆಯನ್ನು ನೋಡಿದಾಗ, ಅಲ್ಲಿ ಬೂದು ಬಣ್ಣವೆನ್ನುವುದೇ ಇಲ್ಲವೆಂದು ತಿಳಿಯಿತು. ಇರುವುದು ಒಂದೇ ಶಾಯಿ. ನೆರಳು ಬೇಕಾದಲ್ಲಿ ಗೆರೆ ದಪ್ಪವಾಗುತ್ತದೆ, ಬೆಳಕಿಗೆ ಬಂದಾಗ ಸಣ್ಣದಾಗುತ್ತದೆ, ತೀರ ಬೆಳಗುವ ಕಡೆ ಮುರಿದು ಚುಕ್ಕೆಗಳಾಗುತ್ತದೆ. ನೆರಳು ದಟ್ಟವಾದಲ್ಲಿ ಇನ್ನೊಂದು ಸಾಲಿನ ಗೆರೆಗಳು ಓರೆಯಾಗಿ ದಾಟಿ ಸಣ್ಣ ಸಣ್ಣ ವಜ್ರಾಕೃತಿಗಳನ್ನು ಉಂಟುಮಾಡುತ್ತವೆ ಮತ್ತು ಪ್ರತಿ ವಜ್ರಾಕೃತಿಯ ನಡುವೆ ಒಂದು ಚುಕ್ಕೆ ಕೂತಿರುತ್ತದೆ. ಗೆರೆ ಎಲ್ಲಿಯೂ ಸುಮ್ಮನೆ ಸಾಗುವುದಿಲ್ಲ, ಕೆನ್ನೆಯ ಉಬ್ಬನ್ನು ಅನುಸರಿಸಿ ಬಾಗುತ್ತದೆ. ವೀಣೆಯಲ್ಲಿ ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ಹಿಡಿಯುವಾಗ ಸ್ವರ ಒಂದೇ ಇದ್ದೂ ಅದರ ತೂಕ ಬದಲಾಗುತ್ತ ಹೋಗುವುದನ್ನು ಕೇಳಿದವರಿಗೆ, ಈ ಗೆರೆಯ ನಡೆ ಅಪರಿಚಿತವೆನಿಸದು.

ಇನ್ನೊಂದು ಪಾಠ ಸಿಕ್ಕಿದ್ದು ಸ್ವಿಟ್ಜರ್ಲೆಂಡಿನ 20 ಫ್ರಾಂಕ್ ನೋಟಿನಲ್ಲಿ. 1990ರ ದಶಕದ ಆ ಸರಣಿಯಲ್ಲಿ ಚಿತ್ರಗಳು ಅಡ್ಡಲಾಗಿರದೆ ಉದ್ದಕ್ಕೆ ನಿಂತಿವೆ. ಸ್ವರಸಂಯೋಜಕ ಆರ್ಥರ್ ಹೊನೆಗರ್ ಅವರ ಮುಖವಿರುವ ಆ ನೋಟಿನ ಹಿಂಬದಿಯಲ್ಲಿ ಪಿಯಾನೊದ ಮನೆಗಳೂ ತುತ್ತೂರಿಯ ಕವಾಟವೂ ಉಗಿಬಂಡಿಯ ಚಕ್ರವೂ ಒಂದರ ಮೇಲೊಂದು ಬಂದಿವೆ. ಚಕ್ರಕ್ಕೆ ಕಾರಣ, ಅವರ ಹೆಸರಾಂತ ಕೃತಿಯೊಂದು ‘ಪೆಸಿಫಿಕ್ 231’ ಎಂಬ ಬಗೆಯ ಉಗಿಬಂಡಿಯನ್ನು ಕುರಿತದ್ದು. ಸಂಗೀತಗಾರನನ್ನು ತೋರಿಸಲು ವಾದ್ಯವೇ ಬೇಕೆಂದಿಲ್ಲ, ಅವನ ಸಂಗೀತ ಹುಟ್ಟಿದ ವಸ್ತುವನ್ನೂ ತೋರಿಸಬಹುದು. ನೆದರ್ಲೆಂಡ್ಸಿನ ನೋಟು ವಿನ್ಯಾಸಕ ಓಕ್ಸೆನಾರ್ ಅವರು ಬರೆದ, 1982ರ ಸೂರ್ಯಕಾಂತಿಯ 50 ಗಿಲ್ಡರ್ ನೋಟನ್ನು ನಾನು ಕೊಂಡದ್ದು ಅದರಲ್ಲಿ ಸಂಗೀತವಿದೆ ಎಂದಲ್ಲ, ಹಳದಿಯನ್ನು ಅಷ್ಟು ಧೈರ್ಯವಾಗಿ ಬಳಸಿದ ನೋಟನ್ನು ಬೇರೆ ಕಂಡಿರಲಿಲ್ಲವೆಂದು. ತಮ್ಮ 1000 ಗಿಲ್ಡರ್ ನೋಟಿನಲ್ಲಿ ತತ್ತ್ವಜ್ಞಾನಿ ಸ್ಪಿನೋಜಾರ ಕೂದಲಿನ ನಡುವೆ ಅವರು ಸ್ವಂತ ಬೆರಳಚ್ಚನ್ನೇ ಗೆರೆಗಳಾಗಿ ಸೇರಿಸಿದ್ದಾರೆ.

ಇಲ್ಲಿ ಕಾನೂನಿನ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನೋಟಿನ ಚಿತ್ರವನ್ನು ಸ್ಕ್ಯಾನ್ ಮಾಡಿ, ಕತ್ತರಿಸಿ ಹೊದಿಕೆಗೆ ಅಂಟಿಸುವುದು ಸುಲಭವೆಂದು ತೋರುತ್ತದೆ. ಆದರೆ ನೋಟನ್ನು ಹೋಲುವ ಕಾಗದಪತ್ರ ತಯಾರಿಸುವುದು ಹಿಂದೆ ಭಾರತೀಯ ದಂಡ ಸಂಹಿತೆಯ 489ಇ ಕಲಮಿನಲ್ಲಿ ಅಪರಾಧವಾಗಿತ್ತು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 182ನೆಯ ಕಲಮಾಗಿ ಮುಂದುವರಿದಿದೆ. ವಿದೇಶಿ ನೋಟಾದರೆ ಪರವಾಗಿಲ್ಲ ಎಂದುಕೊಳ್ಳುವವರೂ ಇದ್ದಾರೆ. ಬ್ಯಾಂಕ್ ನೋಟು ಎಂದರೆ ಜಗತ್ತಿನ ಯಾವುದೇ ಭಾಗದಲ್ಲಿ ಹೊರಡಿಸಿದ ನೋಟು ಎಂದು ಕಾನೂನು ಸ್ಪಷ್ಟವಾಗಿ ವಿವರಿಸಿದೆ. ಯೂರೊ ನೋಟಿನ ಪ್ರತಿಕೃತಿ ಮಾಡುವವರಿಗೆ ಯುರೋಪಿನ ಕೇಂದ್ರ ಬ್ಯಾಂಕು ಬೇರೆಯೇ ನಿಯಮಗಳನ್ನು ಹಾಕಿದೆ: ಒಂದೇ ಬದಿಯ ಪ್ರತಿಯಾದರೆ ಉದ್ದಗಲಗಳೆರಡೂ ಮೂಲದ 125 ಶೇಕಡಕ್ಕಿಂತ ಕಡಿಮೆ ಇರಬಾರದು ಇಲ್ಲವೆ 75 ಶೇಕಡಕ್ಕಿಂತ ಹೆಚ್ಚಿರಬಾರದು. ಫೋಟೊಶಾಪಿನಲ್ಲಿಯೂ 2003ರ ಆವೃತ್ತಿಯಿಂದ ಈಚೆಗೆ ಹಲವು ದೇಶಗಳ ನೋಟುಗಳನ್ನು ಗುರುತಿಸಿ ತಡೆಯುವ ವ್ಯವಸ್ಥೆ ಇದೆ. ನೋಟುಗಳ ಮೇಲೆ ಚದುರಿದಂತೆ ಕಾಣುವ ಐದು ಪುಟ್ಟ ಉಂಗುರಗಳ ವಿನ್ಯಾಸವನ್ನು ಬಣ್ಣದ ಜೆರಾಕ್ಸ್ ಯಂತ್ರಗಳು ಹೇಗೆ ಗುರುತು ಹಿಡಿಯುತ್ತವೆ ಎನ್ನುವುದನ್ನು 2002ರಲ್ಲಿ ಕೇಂಬ್ರಿಜ್‌ನ ಕಂಪ್ಯೂಟರ್ ವಿಜ್ಞಾನಿ ಮಾರ್ಕುಸ್ ಕೂನ್ ಪತ್ತೆಹಚ್ಚಿದರು. ಆ ಉಂಗುರಗಳನ್ನು ಎಲ್ಲಕ್ಕಿಂತ ಸುಂದರವಾಗಿ ಅಡಗಿಸಿರುವುದು, ನನ್ನ ಕಣ್ಣಿಗೆ, ಸ್ವರಸಂಯೋಜಕ ಎಡ್ವರ್ಡ್ ಎಲ್ಗರ್ ಅವರ ಚಿತ್ರವಿದ್ದ ಇಂಗ್ಲೆಂಡಿನ 20 ಪೌಂಡ್ ನೋಟು. ಅಲ್ಲಿ ಅವು ಪಾಶ್ಚಾತ್ಯ ಸ್ವರಲಿಪಿಯ ಸ್ವರಗಳ ತಲೆಗಳಾಗಿ ಬಂದಿವೆ. ಯಂತ್ರಕ್ಕೆ ಕಾವಲಿನ ಗುರುತು, ನೋಡುವವರಿಗೆ ಸಂಗೀತ.

ಹೀಗಾಗಿ ನೋಟಿನ ಯಾವ ಭಾಗವನ್ನೂ ನಕಲು ಮಾಡದೆ, ಲೂಪ್ ಹಿಡಿದು ನೋಡಿದ್ದನ್ನು ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದು ಅಭ್ಯಾಸ ಮಾಡಿದೆ. ಮೊದಲು ವೀಣೆಯ ಕೊಡ. ಹಲಸಿನ ಮರದ ಆ ಉಬ್ಬನ್ನು ಹೊರಗೆರೆಯಿಲ್ಲದೆ ಬರೆಯಬೇಕೆಂಬುದು ನನ್ನ ಹಟ. ಹೊದಿಕೆಯ ಉದ್ದಕ್ಕೂ ಸಮಾನಾಂತರವಾದ ಅಡ್ಡಗೆರೆಗಳನ್ನು ಎಳೆದು, ಕೊಡ ಇರುವ ಕಡೆ ಮಾತ್ರ ಅವು ಮೇಲಕ್ಕೆ ಬಾಗಿ, ಬಾಗುವಲ್ಲಿ ದಪ್ಪವಾಗುವಂತೆ ಮಾಡಿದಾಗ ಅಂಚಿಲ್ಲದೆಯೇ ವೀಣೆ ಕಾಗದದಿಂದ ಮೇಲೆದ್ದು ಬಂತು. ಹಳೆಯ ನೋಟುಗಳಲ್ಲಿ ಪದಕದ ಉಬ್ಬುಚಿತ್ರವನ್ನು ತೋರಿಸುತ್ತಿದ್ದ ಉಪಾಯ ಇದೇ. ವೀಣೆಯ 24 ಮೆಟ್ಟಿಲುಗಳನ್ನು ಬರೆಯಲಿಲ್ಲ. ದಂಡಿಯ ಮೇಲೆ ಗೆರೆಗಳು 24 ಕಡೆ ಒಂದು ಕೂದಲಿನಷ್ಟು ತುಂಡಾಗುತ್ತವೆ, ಅಷ್ಟೆ.

ಖಂಜಿರಕ್ಕೆ ಬೇರೆ ದಾರಿ ಹಿಡಿಯಬೇಕಾಯಿತು. ನೋಟಿನ ಮೂಲೆಗಳಲ್ಲಿ, ಅಂಕಿಗಳ ಹಿಂದೆ, ಎಳೆ ಎಳೆಯಾಗಿ ಹೆಣೆದುಕೊಂಡ ಹೂವಿನಂಥ ವರ್ತುಲಗಳಿರುತ್ತವೆ. ನಮ್ಮ ಚುಕ್ಕಿ ರಂಗೋಲಿಯಲ್ಲಿ ಒಂದೇ ಎಳೆ ಎಲ್ಲ ಚುಕ್ಕಿಗಳನ್ನೂ ಸುತ್ತಿ ಬಂದು ಹೊರಟಲ್ಲಿಗೇ ಸೇರುವಂತೆ ಇಲ್ಲಿಯೂ ಗೆರೆ ಒಂದೇ. ಇದಕ್ಕೆ ಗಿಯೋಷ್ ಎನ್ನುತ್ತಾರೆ. ಹಿಂದೆ ಇದನ್ನು ಹಲ್ಲುಚಕ್ರಗಳ ಯಂತ್ರದಿಂದ ಕೊರೆಯುತ್ತಿದ್ದರು. ದೊಡ್ಡ ವೃತ್ತದ ಒಳಗೆ ಸಣ್ಣ ವೃತ್ತವೊಂದು ಉರುಳುತ್ತಿರುವಾಗ ಆ ಸಣ್ಣ ವೃತ್ತಕ್ಕೆ ಅಂಟಿದ ಬಿಂದು ಬಿಡಿಸುವ ದಾರಿಯೇ ಇದರ ಸರಳ ರೂಪ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಬರೆಯುವ ಸಲಕರಣೆ ಇದೆ. ಎರಡು ವೃತ್ತಗಳ ತ್ರಿಜ್ಯಗಳ ಅನುಪಾತ 7:2 ಆದರೆ ಗೆರೆ ಒಂದು ದಳ ಬಿಟ್ಟು ಮುಂದಿನ ದಳಕ್ಕೆ ಹೋಗುತ್ತ, 2 ಸುತ್ತಿನಲ್ಲಿ 7 ದಳಗಳನ್ನೂ ಮುಗಿಸಿ ಹೊರಟ ಬಿಂದುವಿಗೆ ಬಂದು ಸೇರುತ್ತದೆ. ಆಲ್ಬಮ್ಮಿನ ಮುಖ್ಯ ರಚನೆ ಮಿಶ್ರಛಾಪು ತಾಳದಲ್ಲಿತ್ತು, ಅಂದರೆ ಆವರ್ತಕ್ಕೆ 7 ಎಣಿಕೆ. ಖಂಜಿರದವರು ಪರದೆಯನ್ನು ನೋಡುತ್ತ ತೊಡೆಯ ಮೇಲೆ “ತಕಿಟ ತಕಧಿಮಿ” ಎಂದು ಹಾಕುತ್ತಿದ್ದವರು, ಗೆರೆ ಎರಡನೆಯ ಸುತ್ತು ಮುಗಿಸಿ ಸೇರಿದಾಗ “ಸಮಕ್ಕೆ ಬಂತು ನೋಡಿ ಮೇಡಂ” ಎಂದರು; ಸಮವೆಂದರೆ ತಾಳದ ಆವರ್ತ ಶುರುವಾಗುವ ಜಾಗ. ಹೊರಗಿನ ವರ್ತುಲಕ್ಕೆ 56 ದಳಗಳನ್ನು ಇಟ್ಟೆವು. ಆದಿತಾಳದ 8 ಮತ್ತು ಮಿಶ್ರದ 7 ಮೊದಲ ಬಾರಿಗೆ ಒಟ್ಟಿಗೆ ಕೂಡುವ ಸಂಖ್ಯೆ ಅದು. ಆ ಸಲಹೆ ಅವರದೇ, ಮತ್ತು ಇಡೀ ಹೊದಿಕೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದೇ. ಪಿಟೀಲಿಗೆ ಆಕಾರವನ್ನೇ ಕೊಡದೆ, ಚೌಕಟ್ಟಿನ ಅಂಚಿನಲ್ಲಿ ಕಮಾನಿನ ಎಳೆತದಂತೆ ಒಂದೇ ಉಸಿರಿಗೆ ಸಾಗುವ ಪಟ್ಟಿಯನ್ನು ಮಾಡಿದೆ. ಬರಿಗಣ್ಣಿಗೆ ಗೆರೆಯಾಗಿ ಕಾಣುವ ಅದು ಲೂಪಿನಲ್ಲಿ ನೋಡಿದರೆ ಆ ರಚನೆಯ ಸ್ವರಗಳನ್ನು ಬರೆದ ಕನ್ನಡ ಅಕ್ಷರಗಳ ಸಾಲು. ನಮ್ಮ ರೂಪಾಯಿ ನೋಟಿನಲ್ಲಿ ‘ಭಾರತ’ ಎಂಬ ಸೂಕ್ಷ್ಮಾಕ್ಷರಗಳಿರುವ ಹಾಗೆ.

ಮುದ್ರಣದ ಹಂತದಲ್ಲಿ ಒಂದು ವಿಷಯವನ್ನು ಮೊದಲೇ ತೀರ್ಮಾನಿಸಬೇಕಾಯಿತು. ಸಾಮಾನ್ಯ ನಾಲ್ಕು ಬಣ್ಣದ ಆಫ್‌ಸೆಟ್ಟಿನಲ್ಲಿ ಬಣ್ಣದ ಗೆರೆ ಚುಕ್ಕೆಗಳಾಗಿ ಒಡೆಯುತ್ತದೆ; ನೋಟಿನಲ್ಲಾದರೋ ಪ್ರತಿ ಗೆರೆಗೂ ತನ್ನದೇ ಶಾಯಿ. ಆದ್ದರಿಂದ ಲಗ್ನಪತ್ರಿಕೆಗಳಿಗೆ ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಸಣ್ಣ ಜಾಲರಿಯ ಮೂಲಕ ಶಾಯಿ ಒತ್ತುವ ಮುದ್ರಣ, ಮಾಡುವ ಅಂಗಡಿಯೊಂದಕ್ಕೆ ಹೋದೆ. ಮಾಲೀಕರು ನನ್ನ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿ, “ಮೇಡಂ, ಈ ಎಳೆ ಸ್ಕ್ರೀನಲ್ಲಿ ನಿಲ್ಲಲ್ಲ, ಒಂದು ಟೆಸ್ಟ್ ಹೊಡೆದು ನೋಡೋಣ” ಎಂದರು. ಕೂದಲೆಳೆಯಿಂದ ಹಿಡಿದು ದಪ್ಪ ಗೆರೆಯವರೆಗೆ ಸಾಲಾಗಿ ಬರೆದ ಪಟ್ಟಿಯನ್ನು ಅವರು ಮುದ್ರಿಸಿದಾಗ ಎಷ್ಟು ಸಣ್ಣ ಗೆರೆ ಉಳಿಯುತ್ತದೆ, ಎಷ್ಟು ಹತ್ತಿರದ ಗೆರೆಗಳು ಅಂಟಿಕೊಳ್ಳುತ್ತವೆ ಎನ್ನುವುದು ಕಣ್ಣಿಗೆ ಕಂಡಿತು. ಅದಕ್ಕೆ ತಕ್ಕಂತೆ ಎಲ್ಲ ಗೆರೆಗಳ ತೂಕವನ್ನು ಹೊಂದಿಸಿದೆ. ನೋಟುಗಳಲ್ಲಿ ಒಂದೇ ಗೆರೆ ಎಲ್ಲಿಯೂ ತುಂಡಾಗದೆ ಹಸಿರಿನಿಂದ ಕಂದಿಗೆ ತಿರುಗುವುದನ್ನು ಅವರಿಗೆ ಲೂಪಿನಲ್ಲಿ ತೋರಿಸಿದೆ. ಅವರು ಸ್ಕ್ರೀನಿನ ಒಂದು ತುದಿಗೆ ನವಿಲುಬಣ್ಣದ ಶಾಯಿಯನ್ನೂ ಇನ್ನೊಂದು ತುದಿಗೆ ಕುಂಕುಮಗೆಂಪನ್ನೂ ಸುರಿದು, ಶಾಯಿ ಒತ್ತುವ ರಬ್ಬರ್ ಪಟ್ಟಿಯಾದ ಸ್ಕ್ವೀಜಿಯನ್ನು ಹಿಂದೆ ಮುಂದೆ ಎಳೆದು ನಡುವಿನಲ್ಲಿ ಎರಡೂ ಕಲೆಯುವಂತೆ ಮಾಡಿದರು. ಮೊದಲ ಕೆಲವು ಹಾಳೆಗಳಲ್ಲಿ ಬಣ್ಣ ಒರಟಾಗಿ ಕೂಡಿತು; ಆಮೇಲೆ ನಡುವೆ ನೇರಳೆಯ ಒಂದು ಪಟ್ಟಿ ತಾನಾಗಿ ಮೂಡಿ, ವೀಣೆಯ ಕೊಡದ ಮೇಲೆ ಸರಿಯಾಗಿ ಬಂದು ನಿಂತಿತು. ಪ್ರತಿ ಹಾಳೆಯಲ್ಲೂ ಆ ನೇರಳೆ ಒಂದಿಷ್ಟು ಬೇರೆ.

ಒಳಗಿಡುವ ತೆಳು ಹಾಳೆಗೆ ಇನ್ನೊಂದು ಉಪಾಯವನ್ನು ನೋಟಿನಿಂದಲೇ ಪಡೆದೆ: ವರ್ತುಲದ 7 ದಳಗಳಲ್ಲಿ 3 ಮುಂಬದಿಯಲ್ಲಿ, 4 ಹಿಂಬದಿಯಲ್ಲಿ ಮುದ್ರಿತವಾಗಿವೆ, ಬೆಳಕಿಗೆ ಹಿಡಿದಾಗ ಮಾತ್ರ ಹೂವು ಪೂರ್ತಿಯಾಗುತ್ತದೆ. ಎರಡೂ ಬದಿ ಕೂದಲೆಳೆಯಷ್ಟೂ ಸರಿಯದಂತೆ ಕೂರಿಸಲು ಅಂಗಡಿಯವರು ಹಾಳೆಯ ಎರಡು ಅಂಚಿಗೆ ರಟ್ಟಿನ ತಡೆ ಅಂಟಿಸಿಕೊಂಡು, ಪ್ರತಿಯೊಂದನ್ನೂ ಕೈಯಿಂದಲೇ ಹೊಂದಿಸಿದರು. ನೋಟು ಮುದ್ರಿಸುವ ಯಂತ್ರಗಳು ಎರಡೂ ಬದಿಯನ್ನು ಏಕಕಾಲಕ್ಕೆ ಮುದ್ರಿಸುವುದರಿಂದ ಅಲ್ಲಿ ಅದು ಅಷ್ಟು ನಿಖರವಾಗಿ ಕೂರುತ್ತದೆ. ಅದೇ ನಿಖರತೆಯನ್ನು ಕೈಯಿಂದ ಸಾಧಿಸಿದ ಅವರ ಕೆಲಸವನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ. 1940ರ ದಶಕದ ಕೊನೆಯಲ್ಲಿ ಜಯಚಾಮರಾಜ ಒಡೆಯರು ರಷ್ಯದ ಸ್ವರಸಂಯೋಜಕ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿ, ಆ ತಟ್ಟೆಗಳು ಲಂಡನ್ನಿನಿಂದ ಹೊರಬರುವಂತೆ ಮಾಡಿದ್ದನ್ನು ವೈಣಿಕರು ಅದೇ ಒಳಹಾಳೆಯ ಟಿಪ್ಪಣಿಯಲ್ಲಿ, ಮೈಸೂರಿಗೂ ತಟ್ಟೆಗಳಿಗೂ ಇರುವ ಹಳೆಯ ನಂಟೆಂದು ನೆನೆದಿದ್ದಾರೆ.

ಸಂಗ್ರಹಕ್ಕೆ ಕೈಹಾಕುವವರಿಗೆ ಎರಡು ಮಾತು. ನೋಟುಗಳನ್ನು ಪಿವಿಸಿ ಪ್ಲಾಸ್ಟಿಕ್ ಹಾಳೆಗಳಲ್ಲಿ ಇಡಬಾರದು, ಕಾಲಕ್ರಮದಲ್ಲಿ ಅದರಿಂದ ಒಸರುವ ಅಂಶ ಕಾಗದಕ್ಕೂ ಶಾಯಿಗೂ ಅಂಟುತ್ತದೆ. ಪಾಲಿಪ್ರೊಪಿಲೀನ್ ಇಲ್ಲವೆ ಮೈಲಾರ್ ಎಂಬ ಪ್ಲಾಸ್ಟಿಕ್ಕಿನ ಜೇಬುಗಳು ಕ್ಷೇಮ. ಲ್ಯಾಮಿನೇಟ್ ಮಾಡುವುದು, ತೊಳೆಯುವುದು, ಇಸ್ತ್ರಿ ಹಾಕುವುದು ಕೂಡದು, ಗೆರೆಯ ಉಬ್ಬು ಹೋದರೆ ಮತ್ತೆ ಬರುವುದಿಲ್ಲ. ಚಲಾವಣೆಯಲ್ಲಿರುವ ವಿದೇಶಿ ನೋಟುಗಳನ್ನು ಭಾರತದ ನಿವಾಸಿಗಳು 2000 ಡಾಲರ್ ಮೌಲ್ಯದವರೆಗೆ ಮಾತ್ರ ಇಟ್ಟುಕೊಳ್ಳಬಹುದು. ಸಣ್ಣ ನೋಟುಗಳ ಸಂಗ್ರಹ ಆ ಮಿತಿಯ ಹತ್ತಿರವೂ ಹೋಗದು.

ಈ ಮೂವರು ಈಗ ಎರಡನೆಯ ಆಲ್ಬಮ್ಮಿನ ತಯಾರಿಯಲ್ಲಿದ್ದಾರೆ, ಇದರಲ್ಲಿ ನೃತ್ಯಕ್ಕೆ ನುಡಿಸುವ ರಚನೆಗಳೇ ಹೆಚ್ಚು. ಅದಕ್ಕಾಗಿ ಶ್ರೀಲಂಕಾದ 2010ರ ಸರಣಿಯ ನೋಟುಗಳನ್ನು ಒಟ್ಟುಮಾಡುತ್ತಿದ್ದೇನೆ. ಆ ಸರಣಿಯ ನೋಟುಗಳ ಹಿಂಬದಿಯಲ್ಲಿ ನರ್ತಕರೂ ವಾದ್ಯಗಾರರೂ ಉದ್ದಕ್ಕೆ ನಿಂತಿದ್ದಾರೆ, ಮತ್ತು ನರ್ತಕರ ಉಡುಪಿನ ಮಡಿಕೆಗಳನ್ನು ಬರೆದಿರುವ ಗೆರೆಗಳನ್ನು ಈ ವಾರದಿಂದ ಪೆನ್ಸಿಲಿನಲ್ಲಿ ಬಿಡಿಸತೊಡಗಿದ್ದೇನೆ.